ಪುಳಿಯೋಗರೆಯಲ್ಲಿ ಮೊದಲು ಓಗರ, ಆಮೇಲೆ ಪುಳಿ

ಪ್ರಶ್ನೆ: ನನ್ನೂರು ಕೆ.ಆರ್. ಪೇಟೆ ಹತ್ತಿರದ ಒಂದು ಹಳ್ಳಿ. ವಯಸ್ಸು 24. ಮೈಸೂರಿನ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಕೆಲಸ, ವಿಜಯನಗರದಲ್ಲಿ ರೂಮು. ಇಷ್ಟು ದಿನ ಮೆಸ್ಸಿನ ಊಟವೇ. ಮುಂದಿನ ಭಾನುವಾರ ಅಪ್ಪ ಅಮ್ಮ ಮೊದಲ ಸಲ ನನ್ನ ರೂಮಿಗೆ ಬರುತ್ತಿದ್ದಾರೆ. ಅಮ್ಮನಿಗೆ ಮೇಲುಕೋಟೆ ಪುಳಿಯೋಗರೆ ಅಂದ್ರೆ ತುಂಬಾ ಇಷ್ಟ. ನಾನೇ ಮಾಡಿ ಬಡಿಸಬೇಕು ಅಂತ ಆಸೆ. ಹೋದ ತಿಂಗಳು ಸ್ನೇಹಿತರಿಗೆ ಅಂತ ಒಂದು ಸಲ ಮಾಡಿ ನೋಡಿದೆ. ಐದು ಲೋಟ ಸೋನಾ ಮಸೂರಿ, ಹತ್ತು ಲೋಟ ನೀರು, ಐದು ಲೀಟರ್ ಕುಕ್ಕರಿನಲ್ಲಿ ನಾಲ್ಕು ವಿಷಲ್. ಅಂಗಡಿ ಗೊಜ್ಜು ಹಾಕಿ ಕಲಸಿದರೆ ಪೂರ್ತಿ ಮುದ್ದೆಯಾಯಿತು. ಯಾವ ಗೊಜ್ಜು ತಗೊಂಡರೆ ಸರಿ ಬರುತ್ತದೆ? ಮನೆಯಲ್ಲೇ ಗೊಜ್ಜು ಮಾಡೋದು ನನ್ನಂಥವನಿಗೆ ಆಗುತ್ತಾ? ಮಿಕ್ಕಿದ್ದನ್ನು ಸೋಮವಾರ ಡಬ್ಬಿಗೆ ಹಾಕಿಕೊಂಡು ಹೋಗಬಹುದಾ? ನನ್ನ ಹತ್ತಿರ ಇರೋದು ಒಂದೇ ಒಲೆಯ ಗ್ಯಾಸ್, ಕುಕ್ಕರ್, ಒಂದು ಬಾಣಲೆ. ಮಿಕ್ಸಿ ಪಕ್ಕದ ಮನೆಯವರು ಕೊಡುತ್ತಾರೆ.

ಉತ್ತರ: ಗೊಜ್ಜಿನ ವಿಷಯ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಅವತ್ತು ಕೆಟ್ಟದ್ದು ನಿಮ್ಮ ಅನ್ನ. ಎಂಥ ಒಳ್ಳೇ ಗೊಜ್ಜು ತಂದು ಕಲಸಿದ್ದರೂ ಅದು ಮುದ್ದೆಯೇ ಆಗುತ್ತಿತ್ತು.

ಪುಳಿಯೋಗರೆ ಅನ್ನೋ ಹೆಸರನ್ನೇ ನೋಡಿ. ಪುಳಿ ಅಂದರೆ ಹುಳಿ. ಓಗರ ಅಂದರೆ ಅನ್ನ, ಹಳೇ ಕನ್ನಡದ ಮಾತು. ಹೆಸರಿನಲ್ಲಿ ಎರಡೂ ಸಮಪಾಲು ಇವೆ. ಆದರೆ ಮೊದಲ ಸಲ ಮಾಡುವವರೆಲ್ಲ ಪುಳಿಯ ಹಿಂದೆ ಬೀಳುತ್ತಾರೆ. ಯಾವ ಪುಡಿ, ಎಷ್ಟು ಹುಣಸೆಹಣ್ಣು, ಎಳ್ಳೆಣ್ಣೆಯೋ ಕಡಲೆಕಾಯಿ ಎಣ್ಣೆಯೋ ಅಂತ ಕೇಳುತ್ತಾರೆ. ನನ್ನ ಮನೆಯಲ್ಲಿ ನಡೆಯುವ ಅಡುಗೆ ತರಗತಿಗೆ ಬರುವ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಓಗರದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಅನ್ನ ಮಾಡೋದು ಎಲ್ಲರಿಗೂ ಗೊತ್ತು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಸಾರಿಗೆ ಮಾಡುವ ಅನ್ನ ಬೇರೆ, ಕಲಸುವ ಅನ್ನ ಬೇರೆ. ಸಾರಿನ ಅನ್ನ ಮೆತ್ತಗಿದ್ದರೇ ಚೆನ್ನ. ಕಲಸುವ ಅನ್ನದಲ್ಲಿ ಒಂದೊಂದು ಅಗುಳೂ ಬೇರೆಬೇರೆಯಾಗಿ ನಿಲ್ಲಬೇಕು.

ನಿಮ್ಮ ಐದು ಲೋಟಕ್ಕೆ ಹತ್ತು ಲೋಟದ ಲೆಕ್ಕಕ್ಕೆ ಬರೋಣ. ಒಂದಕ್ಕೆ ಎರಡು ಅಂತ ಯಾರೋ ಹೇಳಿಕೊಟ್ಟಿರುತ್ತಾರೆ. ಒಂದು ಲೋಟ ಅಕ್ಕಿಗೆ ಆ ಲೆಕ್ಕ ಸರಿ. ಐದಕ್ಕೆ ತಪ್ಪುತ್ತದೆ. ಯಾಕೆ ಅಂದರೆ ನಾವು ಹಾಕುವ ನೀರಿಗೆ ಎರಡು ದಾರಿ. ಒಂದು ಪಾಲನ್ನು ಅಕ್ಕಿ ಹೀರುತ್ತದೆ, ಇನ್ನೊಂದು ಪಾಲು ಹಬೆಯಾಗಿ ಹೋಗುತ್ತದೆ. ಅಕ್ಕಿ ಜಾಸ್ತಿಯಾದಂತೆ ಹೀರುವ ನೀರೂ ಅಷ್ಟೇ ಪಟ್ಟು ಜಾಸ್ತಿಯಾಗುತ್ತದೆ. ಹಬೆಯಾಗುವ ನೀರು ಹಾಗೆ ಜಾಸ್ತಿಯಾಗುವುದಿಲ್ಲ. ಅದೇ ಕುಕ್ಕರ್, ಅದೇ ವಿಷಲ್, ಹೆಚ್ಚುಕಮ್ಮಿ ಅಷ್ಟೇ ಹಬೆ. ಅಂದಾಜಿಗೆ ಹೇಳುತ್ತೇನೆ. ಒಂದು ಲೋಟ ಅಕ್ಕಿ ಒಂದೂವರೆ ಲೋಟ ನೀರು ಹೀರಿ, ಅರ್ಧ ಲೋಟ ಹಬೆಗೆ ಹೋಯಿತು ಅಂದುಕೊಳ್ಳಿ. ಐದು ಲೋಟ ಅಕ್ಕಿ ಹೀರೋದು ಏಳೂವರೆ. ಹಬೆಗೆ ಅರ್ಧ, ಹೆಚ್ಚೆಂದರೆ ಮುಕ್ಕಾಲು. ಹತ್ತರಲ್ಲಿ ಸುಮಾರು ಎರಡು ಲೋಟ ನೀರಿಗೆ ಹೋಗಲು ದಾರಿಯೇ ಇರಲಿಲ್ಲ. ಆ ನೀರು ಅಗುಳಿನ ಒಳಗೇ ನುಗ್ಗಿತು. ಅಗುಳು ಒಡೆಯಿತು.

ಇನ್ನೊಂದು ವಿಷಯ. ಐದು ಲೀಟರ್ ಕುಕ್ಕರಿಗೆ ಐದು ಲೋಟ ಅಕ್ಕಿ ಜಾಸ್ತಿ. ಅನ್ನ ಮಾಡುವಾಗ ಅಕ್ಕಿ ನೀರು ಎರಡೂ ಸೇರಿ ಕುಕ್ಕರಿನ ಅರ್ಧ ಮೀರಬಾರದು. ಗಂಜಿ ನೊರೆ ಮೇಲೆದ್ದು ವಿಷಲಿನ ತೂತು ಕಟ್ಟಿಕೊಂಡರೆ ಅಪಾಯ. ಮೇಲಿನ ಅನ್ನದ ಭಾರಕ್ಕೆ ತಳದ ಅನ್ನ ಜಜ್ಜಿಹೋಗುವುದೂ ಉಂಟು. ಇದನ್ನು ಮರೆಯಬೇಡಿ.

ಹಾಗಾದರೆ ಭಾನುವಾರಕ್ಕೆ ಎಷ್ಟು ನೀರು ಇಡಬೇಕು ಅಂತ ಕೇಳುತ್ತೀರಿ. ಲೆಕ್ಕವೇ ಬೇಡದ ದಾರಿ ಹೇಳುತ್ತೇನೆ. ಅನ್ನ ಬಸಿಯಿರಿ, ಅಂದರೆ ಧಾರಾಳ ನೀರಿನಲ್ಲಿ ಬೇಯಿಸಿ ಮಿಕ್ಕ ನೀರನ್ನು ಸೋಸಿ ತೆಗೆಯಿರಿ. ನಿಮ್ಮ ಅಜ್ಜಿ ಖಂಡಿತ ಬಸಿದೇ ಮಾಡಿರುತ್ತಾರೆ. ಮೊದಲ ಸಲ ಕಲಸಿದ ಅನ್ನ ಮಾಡುವವರಿಗೆಲ್ಲ ನಾನು ಇದನ್ನೇ ಹೇಳೋದು. ಕುಕ್ಕರಿನ ಮುಚ್ಚಳ ಮುಚ್ಚಿದ ಮೇಲೆ ಒಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಒಳಗಿನ ಬಿಸಿ 120 ಡಿಗ್ರಿ ಹತ್ತಿರ ಹೋಗಿರುತ್ತದೆ. ಒಂದು ವಿಷಲ್ ಹೆಚ್ಚಾದರೂ ಅನ್ನದ ಗತಿ ಮುಗಿಯಿತು. ತೆರೆದ ಪಾತ್ರೆಯಲ್ಲಿ ಅನ್ನ ನಿಮ್ಮ ಕಣ್ಣೆದುರಿಗೇ ಬೇಯುತ್ತದೆ. ಬೇಕಾದಾಗ ಸೌಟು ಹಾಕಿ ಒಂದು ಅಗುಳು ತೆಗೆದು ನೋಡಬಹುದು.

ಅದಕ್ಕೂ ಮುಂಚೆ ಅಕ್ಕಿ. ಸೋನಾ ಮಸೂರಿಯೇ ಇರಲಿ, ಒಳ್ಳೇ ಆಯ್ಕೆ. ಆದರೆ ಹಳೇ ಅಕ್ಕಿ ಬೇಕು ಅಂತ ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಿ. ನಿಮ್ಮ ಕಡೆ ಮುಂಗಾರಿನ ಭತ್ತ ಕೊಯ್ಲಾಗೋದು ನವೆಂಬರ್‌ನಿಂದ ಜನವರಿ ಹೊತ್ತಿಗೆ ಅಲ್ವಾ? ಅದಾದ ಮೇಲೆ ಕೆಲವು ತಿಂಗಳು ಅಂಗಡಿಗಳಲ್ಲಿ ಹೊಸ ಅಕ್ಕಿ ಬೆರೆತಿರುತ್ತದೆ. ಹೊಸ ಅಕ್ಕಿ ಬೇಗ ಬೇಯುತ್ತದೆ, ಗಂಜಿ ಜಾಸ್ತಿ ಬಿಡುತ್ತದೆ, ಅಂಟುತ್ತದೆ. ಪೊಂಗಲ್ಲಿಗೆ ಅದು ಬಹಳ ರುಚಿ. ಪುಳಿಯೋಗರೆಗೆ ಬೇಡ. ಆರು ತಿಂಗಳು, ಒಂದು ವರ್ಷ ಇಟ್ಟ ಅಕ್ಕಿ ನೀರು ಜಾಸ್ತಿ ಹೀರಿಯೂ ಅಗುಳು ಬಿಡಿಯಾಗಿಯೇ ಉಳಿಯುತ್ತದೆ. ಒಂದು ಕಾಳು ಬಾಯಿಗೆ ಹಾಕಿ ಕಚ್ಚಿ ನೋಡಿ. ಹಳೇದು ಕಟಕ್ ಅಂತ ಮುರಿಯುತ್ತದೆ. ಹೊಸದು ಹಲ್ಲಿಗೆ ಪುಡಿಪುಡಿಯಾಗಿ ಅಂಟುತ್ತದೆ.

ಹಳೇ ಅಕ್ಕಿ ಸಿಗದಿದ್ದರೆ ಮೂಟೆಯ ಮೇಲೆ ಸ್ಟೀಮ್ ಅಂತ ಬರೆದಿರುವ ಸೋನಾ ಮಸೂರಿ ತಗೊಳ್ಳಿ. ಭತ್ತಕ್ಕೆ ಹಬೆ ಕೊಟ್ಟು ಒಣಗಿಸಿ ಆಮೇಲೆ ಅಕ್ಕಿ ಮಾಡಿರುತ್ತಾರೆ. ಹೊಸ ಭತ್ತಕ್ಕೆ ಹೀಗೆ ಬಿಸಿ ತಾಗಿಸಿದರೆ ಅದಕ್ಕೆ ಹಳೇ ಅಕ್ಕಿಯ ಗುಣ ಬರುತ್ತದೆ. ಈ ವಿಷಯದ ಮೇಲೆ ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲೇ ಕೆಲಸ ನಡೆದಿದೆ. 1950ರಲ್ಲಿ ಚೆಲುವಾಂಬ ವಿಲಾಸದ ಅರಮನೆಯಲ್ಲಿ ಶುರುವಾದ ಆ ಸಂಸ್ಥೆ ಅಕ್ಕಿಯ ಬಗ್ಗೆ ಮಾಡಿರುವ ಕೆಲಸ ಸಣ್ಣದಲ್ಲ. ನೀವು ದಿನಾ ಕೆಲಸಕ್ಕೆ ಹೋಗುವ ಊರಿನಲ್ಲೇ ಇಷ್ಟೆಲ್ಲ ಆಗಿದೆ ಅಂತ ನಿಮಗೆ ತಿಳಿದಿರಲಿ ಅಂತ ಹೇಳಿದೆ.

ನೀವು ಮೂರು ಜನಕ್ಕೆ ಎರಡು ಲೋಟ ಅಕ್ಕಿ ಧಾರಾಳ ಸಾಕು. ಮೂರು ನೀರಿನಲ್ಲಿ ತೊಳೆಯಿರಿ. ಅಕ್ಕಿ ಉಜ್ಜಬೇಡಿ, ಬೆರಳಾಡಿಸಿ ಸಾಕು. ಮೊದಲ ನೀರು ಹಾಲಿನ ಹಾಗೆ ಬೆಳ್ಳಗಿರುತ್ತದೆ. ಅದು ಕಾಳಿನ ಮೇಲೆ ಕೂತಿದ್ದ ಹಿಟ್ಟು. ಅದು ಹೋಗದಿದ್ದರೆ ಅನ್ನಕ್ಕೆ ಅಂಟು ಬರುತ್ತದೆ. ಆಮೇಲೆ ಅರ್ಧ ಗಂಟೆ ನೆನೆಹಾಕಿ. ಗಾಜಿನಂತೆ ಮಬ್ಬಾಗಿದ್ದ ಕಾಳು ಸುಣ್ಣದ ಹಾಗೆ ಬೆಳ್ಳಗಾಗುತ್ತದೆ. ನೀರು ನಡುವಿನವರೆಗೂ ಹೋಗಿದೆ ಅಂತ ಅರ್ಥ. ನೆನೆಯದ ಕಾಳು ಹೊರಗೆ ಬೆಂದು ಒಡೆಯುವ ಹೊತ್ತಿಗೂ ಒಳಗೆ ಗಟ್ಟಿಯಾಗಿಯೇ ಇರುತ್ತದೆ. ನೆನೆದ ಕಾಳು ಒಳಗೂ ಹೊರಗೂ ಒಟ್ಟಿಗೆ ಬೇಯುತ್ತದೆ.

ಕುಕ್ಕರನ್ನೇ ಪಾತ್ರೆ ಮಾಡಿಕೊಳ್ಳಿ, ಮುಚ್ಚಳ ಬೇಡ. ಹನ್ನೆರಡು ಲೋಟ ನೀರು ಹಾಕಿ ಚೆನ್ನಾಗಿ ಕುದಿಸಿ. ಒಂದೆರಡು ಲೋಟ ಹೆಚ್ಚುಕಮ್ಮಿಯಾದರೆ ಚಿಂತೆ ಇಲ್ಲ, ಈ ದಾರಿಯ ಸುಖವೇ ಅದು. ನೀರು ಮರಳುವಾಗ ಒಂದು ಟೀ ಚಮಚ ಉಪ್ಪು, ಒಂದು ಚಮಚ ಎಣ್ಣೆ ಹಾಕಿ. ನೆನೆದ ಅಕ್ಕಿಯ ನೀರು ಬಗ್ಗಿಸಿ ಅಕ್ಕಿ ಹಾಕಿ. ಒಂದು ಸಲ ತಳದಿಂದ ಸೌಟಾಡಿಸಿ ಬಿಟ್ಟುಬಿಡಿ. ಪದೇಪದೇ ಕೈಯಾಡಿಸಿದರೆ ಅಗುಳು ಮುರಿಯುತ್ತದೆ. ಉರಿ ದೊಡ್ಡದೇ ಇರಲಿ. ನಮ್ಮ ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಅದಕ್ಕೇ ತೆರೆದ ಪಾತ್ರೆಯಲ್ಲಿ ಮಂಗಳೂರಿನವರಿಗಿಂತ ನಮಗೆ ಸ್ವಲ್ಪ ಹೊತ್ತು ಜಾಸ್ತಿ ಬೇಕು.

ಏಳು ನಿಮಿಷ ಆಯಿತು ಅಂದರೆ ಪಾತ್ರೆ ಬಿಟ್ಟು ಅಲ್ಲಾಡಬೇಡಿ. ಸೌಟಿನಲ್ಲಿ ನಾಲ್ಕು ಅಗುಳು ತೆಗೆಯಿರಿ. ಊದಿ ಆರಿಸಿ. ಒಂದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಮೆಲ್ಲಗೆ ಒತ್ತಿ ಬೆಳಕಿಗೆ ಹಿಡಿದು ನೋಡಿ. ಚಪ್ಪಟೆಯಾದ ಅಗುಳಿನಲ್ಲಿ ಎರಡು ಮೂರು ಬಿಳಿ ಚುಕ್ಕಿ ಕಂಡರೆ ಇನ್ನೂ ಬೆಂದಿಲ್ಲ. ಒಂದು ನಿಮಿಷ ಬಿಟ್ಟು ಮತ್ತೆ ನೋಡಿ. ನಡುವೆ ಸೂಜಿಮೊನೆಯಷ್ಟು ಒಂದೇ ಒಂದು ಚುಕ್ಕಿ ಉಳಿದಿದೆಯಾ? ಅದೇ ಸಮಯ. ತಕ್ಷಣ ಒಲೆ ಆರಿಸಿ ಬಸಿಯಿರಿ. ಚುಕ್ಕಿ ಪೂರ್ತಿ ಹೋಗುವವರೆಗೂ ಕಾದರೆ ತಡವಾಗುತ್ತದೆ, ಯಾಕೆ ಅಂದರೆ ಬಸಿದ ಮೇಲೂ ಅನ್ನ ತನ್ನ ಬಿಸಿಯಲ್ಲೇ ಬೇಯುತ್ತಿರುತ್ತದೆ. ಸಾಮಾನ್ಯವಾಗಿ ನೆನೆದ ಸೋನಾ ಮಸೂರಿಗೆ ಒಂಬತ್ತರಿಂದ ಹನ್ನೆರಡು ನಿಮಿಷ ಹಿಡಿಯುತ್ತದೆ. ಗಡಿಯಾರಕ್ಕಿಂತ ಅಗುಳನ್ನು ನಂಬಿ.

ಬಸಿಯುವಾಗ ಜೋಪಾನ. ದೊಡ್ಡ ಜಾಲರಿ ಇದ್ದರೆ ಅದನ್ನು ಒಂದು ಪಾತ್ರೆಯ ಮೇಲಿಟ್ಟು ಸುರಿಯಿರಿ. ಜಾಲರಿ ಇಲ್ಲದಿದ್ದರೆ ವಿಜಯನಗರದ ಯಾವ ಪಾತ್ರೆ ಅಂಗಡಿಯಲ್ಲಾದರೂ ಸಿಗುತ್ತದೆ, ಇವತ್ತೇ ತಂದಿಡಿ. ತಟ್ಟೆ ಅಡ್ಡ ಹಿಡಿದು ಬಗ್ಗಿಸುವುದು ಅಭ್ಯಾಸ ಇರುವವರಿಗೆ ಮಾತ್ರ. ಹಬೆ ಮುಂಗೈಗೆ ಹೊಡೆದರೆ ಸುಟ್ಟು ಬೊಬ್ಬೆ ಬರುತ್ತದೆ. ಮುಖ ದೂರ ಇಡಿ, ಎರಡೂ ಕೈಗೆ ದಪ್ಪ ಬಟ್ಟೆ ಇರಲಿ. ಕೆಳಗೆ ಇಳಿದ ಗಂಜಿ ಚೆಲ್ಲಬೇಡಿ. ಅಕ್ಕಿಯ ಬಿ ವಿಟಮಿನ್‌ನಲ್ಲಿ ಒಂದಷ್ಟು ಅದರಲ್ಲೇ ಇರುತ್ತದೆ. ಆರಿದ ಮೇಲೆ ಮಜ್ಜಿಗೆ, ಉಪ್ಪು ಹಾಕಿ ಕುಡಿಯಿರಿ. ಅಪ್ಪನಿಗೂ ಒಂದು ಲೋಟ ಕೊಡಿ.

ನೀರು ಪೂರ್ತಿ ಇಳಿಯಲು ಐದು ನಿಮಿಷ ಬಿಟ್ಟು ಅನ್ನವನ್ನು ಅಗಲವಾದ ತಟ್ಟೆಗೆ ಹರಡಿ. ಒಂದು ತಟ್ಟೆ ಸಾಲದಿದ್ದರೆ ಎರಡು ತಗೊಳ್ಳಿ. ಅನ್ನ ಒಂದು ಬೆರಳಿನ ದಪ್ಪಕ್ಕಿಂತ ಜಾಸ್ತಿ ಇರಬಾರದು. ಮೇಲೆ ಎರಡು ಚಮಚ ಎಣ್ಣೆ, ಕಾಲು ಚಮಚ ಅರಿಶಿನ ಹಾಕಿ, ಸೌಟಿನ ಹಿಡಿಯಿಂದ ಮೆಲ್ಲಗೆ ಬಿಡಿಸಿ. ಫ್ಯಾನಿನ ಕೆಳಗೆ ಇಪ್ಪತ್ತು ನಿಮಿಷ ಇಡಿ. ಬಿಸಿ ಅನ್ನದ ಮೈ ಮೆತ್ತಗೆ, ಅಂಟಂಟು. ಆರುತ್ತಾ ಆರುತ್ತಾ ಅದು ಬಿಗಿಯಾಗುತ್ತದೆ. ಅಕ್ಕಿಯ ಪಿಷ್ಟದ ಗುಣವೇ ಹಾಗೆ. ನೀವು ಹೋದ ಸಲ ಕುಕ್ಕರಿನಿಂದ ತೆಗೆದ ಬಿಸಿ ಅನ್ನಕ್ಕೇ ಗೊಜ್ಜು ಹಾಕಿ ಕಲಸಿರುತ್ತೀರಿ. ಅಂಗೈಗೆ ಬೆಚ್ಚಗೆ ಅನ್ನಿಸಬೇಕು, ಸುಡಬಾರದು. ಆ ಹದದಲ್ಲಿ ಕಲಸಿದರೆ ಗೊಜ್ಜು ಅಗುಳಿಗೆ ಸುತ್ತಿಕೊಳ್ಳುತ್ತದೆ, ಅಗುಳು ಮುರಿಯುವುದಿಲ್ಲ. ಪೂರ್ತಿ ತಣ್ಣಗಾದರೂ ಕಷ್ಟ. ಎಣ್ಣೆ ಹೆಪ್ಪುಗಟ್ಟಿದ ಹಾಗೆ ನಿಲ್ಲುತ್ತದೆ, ಗೊಜ್ಜು ಅಲ್ಲಲ್ಲಿ ಮಾತ್ರ ಅಂಟುತ್ತದೆ.

ಈಗ ಪುಳಿಗೆ ಬರೋಣ. ಮನೆಯಲ್ಲಿ ನಿಮ್ಮಂಥವರು ಗೊಜ್ಜು ಮಾಡಬಹುದಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ಅನ್ನಕ್ಕಿಂತ ಗೊಜ್ಜು ಸುಲಭ, ಯಾಕೆ ಅಂದರೆ ಅದಕ್ಕೆ ಅವಸರವಿಲ್ಲ. ಶುಕ್ರವಾರ ರಾತ್ರಿಯೇ ಮಾಡಿಡಬಹುದು. ಎರಡು ದಿನ ಕೂತರೆ ರುಚಿ ಇನ್ನೂ ಹದವಾಗುತ್ತದೆ. ಸಮಯ ಇಲ್ಲದಿದ್ದರೆ ಅಂಗಡಿಯ ಗೊಜ್ಜನ್ನೇ ತಗೊಳ್ಳಿ, ಅದರಲ್ಲಿ ಸಂಕೋಚ ಬೇಡ. ಆದರೆ ನಿಮ್ಮ ಅಮ್ಮನಿಗೆ ಇಷ್ಟ ಅಂದಿರಲ್ಲ, ಅದಕ್ಕೇ ಮನೆಯದ್ದೇ ಮಾಡಿ ಅನ್ನುತ್ತೇನೆ. ಬಾಣಲೆಯಲ್ಲಿ ಎಳ್ಳು ಸಿಡಿಯುವ ವಾಸನೆ ರೂಮಿನಲ್ಲಿ ಉಳಿದಿರುತ್ತದೆ. ಬಾಗಿಲು ತೆಗೆದ ತಕ್ಷಣ ಅವರಿಗೆ ಗೊತ್ತಾಗುತ್ತದೆ.

ಕೆಳಗಿನ ಅಳತೆ ನಾಲ್ಕು ಲೋಟ ಅಕ್ಕಿಗೆ. ಅರ್ಧ ಭಾನುವಾರಕ್ಕೆ, ಅರ್ಧ ಮುಂದಿನ ಸಲಕ್ಕೆ. ಹುಣಸೆಹಣ್ಣು 75 ಗ್ರಾಂ, ದೊಡ್ಡ ನಿಂಬೆಹಣ್ಣಿನ ಎರಡು ಉಂಡೆಯಷ್ಟು. ಕಪ್ಪಗಾದ ಹಳೇ ಹುಣಸೆಹಣ್ಣು ಸಿಕ್ಕರೆ ಒಳ್ಳೇದು. ಗೊಜ್ಜಿಗೆ ಬಣ್ಣ ಬರುತ್ತದೆ, ಹುಳಿಯೂ ಗಂಟಲಿಗೆ ಚುಚ್ಚುವುದಿಲ್ಲ. ದೇವರಾಜ ಮಾರುಕಟ್ಟೆಯಲ್ಲೋ ಸಂತೆಪೇಟೆಯಲ್ಲೋ ಕೇಳಿದರೆ ಕೊಡುತ್ತಾರೆ. ಬೀಜ ನಾರು ತೆಗೆದು ಎರಡು ಲೋಟ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕಿವುಚಿ ಸೋಸಿಕೊಳ್ಳಿ.

ಪುಡಿಗೆ ಧನಿಯಾ ಮೂರು ದೊಡ್ಡ ಚಮಚ, ಕಡಲೇಬೇಳೆ ಮತ್ತು ಉದ್ದಿನಬೇಳೆ ಎರಡೆರಡು ದೊಡ್ಡ ಚಮಚ, ಜೀರಿಗೆ, ಮೆಣಸು, ಸಾಸಿವೆ ಒಂದೊಂದು ಟೀ ಚಮಚ, ಮೆಂತ್ಯ ಮುಕ್ಕಾಲು ಟೀ ಚಮಚ. ಬ್ಯಾಡಗಿ ಮೆಣಸಿನಕಾಯಿ ಹದಿನೈದು ಬಣ್ಣಕ್ಕೆ, ಗುಂಟೂರು ನಾಲ್ಕೈದು ಖಾರಕ್ಕೆ. ಒಂದೊಂದನ್ನೂ ಬೇರೆಬೇರೆ ಹುರಿಯಿರಿ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಬೇಳೆ ಹಸಿಯಾಗಿರುವಾಗಲೇ ಜೀರಿಗೆ ಕರಿದು ಹೋಗುತ್ತದೆ. ಬೇಳೆಗಳು ಹೊಂಬಣ್ಣಕ್ಕೆ ಬರಬೇಕು. ಮೆಣಸಿನಕಾಯಿ ಗರಿಗರಿಯಾದರೆ ಸಾಕು.

ಮೆಂತ್ಯದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮದುವೆಯಾದ ಹೊಸತರಲ್ಲಿ ನಾನು ಮೊದಲ ಸಲ ಪುಳಿಯೋಗರೆ ಗೊಜ್ಜು ಮಾಡಿದಾಗ ಮೆಂತ್ಯ ಕಪ್ಪಾಗುವವರೆಗೂ ಹುರಿದಿದ್ದೆ. ಇಡೀ ಗೊಜ್ಜು ಕಹಿಯಾಯಿತು. ಬೆಲ್ಲ ಹಾಕಿದೆ, ಹೋಗಲಿಲ್ಲ. ಇನ್ನೂ ಬೆಲ್ಲ ಹಾಕಿದೆ, ಆಗಲೂ ಹೋಗಲಿಲ್ಲ. ನಮ್ಮತ್ತೆ ನಾಲಿಗೆಗೆ ಹಚ್ಚಿ ನೋಡಿದರು. ಏನೂ ಅನ್ನಲಿಲ್ಲ. ಡಬ್ಬಿಯಿಂದ ಮತ್ತೆ ಒಂದು ಚಮಚ ಮೆಂತ್ಯ ತೆಗೆದು ನನ್ನ ಕೈಗೆ ಕೊಟ್ಟು, ಒಲೆಯ ಪಕ್ಕ ನಿಂತುಕೊಂಡರು. ಹಳದಿ ಕಾಳು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿದ್ದ ಹಾಗೆ "ಈಗ ತೆಗಿ" ಅಂದರು. ಇವತ್ತಿಗೂ ಮೆಂತ್ಯ ಹುರಿಯುವಾಗ ನನ್ನ ಕಿವಿಗೆ ಆ ಮಾತೇ ಕೇಳುತ್ತದೆ. ಇಟ್ಟಿಗೆ ಬಣ್ಣ ಬಂದ ಕೂಡಲೇ ಬಾಣಲೆಯಿಂದ ತಟ್ಟೆಗೆ ಸುರಿದುಬಿಡಿ. ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೂ ಅದು ಕಪ್ಪಾಗುತ್ತದೆ.

ಎಲ್ಲ ಆರಿದ ಮೇಲೆ ಸ್ವಲ್ಪ ತರಿಯಾಗಿ ಪುಡಿ ಮಾಡಿ. ಇನ್ನೊಂದು ಸಣ್ಣ ಪುಡಿ ಬೇರೆ ಮಾಡಿಟ್ಟುಕೊಳ್ಳಿ. ಮೂರು ದೊಡ್ಡ ಚಮಚ ಎಳ್ಳನ್ನು ಚಟಪಟ ಅನ್ನುವವರೆಗೆ ಹುರಿದು, ಒಂದು ಹಿಡಿ ಕೊಬ್ಬರಿ ತುರಿ ಬೆಚ್ಚಗೆ ಮಾಡಿ, ಎರಡನ್ನೂ ಸೇರಿಸಿ ಮಿಕ್ಸಿಯಲ್ಲಿ ಒಂದೆರಡು ಸುತ್ತು ಮಾತ್ರ ತಿರುಗಿಸಿ. ಜಾಸ್ತಿ ತಿರುಗಿಸಿದರೆ ಎಣ್ಣೆ ಬಿಟ್ಟು ಉಂಡೆಯಾಗುತ್ತದೆ. ಕೆಲವರು ಇದನ್ನೂ ಗೊಜ್ಜಿನ ಜೊತೆ ಕುದಿಸುತ್ತಾರೆ. ನಾನು ಕುದಿಸುವುದಿಲ್ಲ. ಕಲಸುವ ದಿನ ಹಾಕಿದರೆ ಎಳ್ಳಿನ ಘಮ ಹಾಗೇ ಇರುತ್ತದೆ, ಗೊಜ್ಜೂ ಹೆಚ್ಚು ದಿನ ಬರುತ್ತದೆ. ಕೊಬ್ಬರಿ ಅಂದರೆ ಒಣಗಿದ ಕೊಬ್ಬರಿಯೇ. ಹಸಿ ಕಾಯಿ ಹಾಕಿದರೆ ಬೇಗ ಹಳಸುತ್ತದೆ.

ನಿಮ್ಮ ಬಾಣಲೆ ಯಾವ ಲೋಹದ್ದು ಅಂತ ಬರೆದಿಲ್ಲ. ಅಲ್ಯೂಮಿನಿಯಂ ಆದರೆ ಹುಣಸೆ ರಸ ಅದರಲ್ಲಿ ಕುದಿಸಬೇಡಿ. ಹುಳಿ ಲೋಹವನ್ನು ತಿನ್ನುತ್ತದೆ. ಕಬ್ಬಿಣದ ಬಾಣಲೆಯಲ್ಲೂ ಗೊಜ್ಜಿಗೆ ಒಂದು ಒಗರು ಬರುತ್ತದೆ. ಹಿಂದೆ ಕಲ್ಚಟ್ಟಿಯಲ್ಲೋ ಕಲಾಯಿ ಹಾಕಿದ ಹಿತ್ತಾಳೆ ಪಾತ್ರೆಯಲ್ಲೋ ಮಾಡುತ್ತಿದ್ದರು. ನಿಮಗೆ ದಪ್ಪ ತಳದ ಸ್ಟೀಲ್ ಪಾತ್ರೆ ಸಾಕು.

ಅರ್ಧ ಲೋಟ ಎಣ್ಣೆ ಕಾಯಿಸಿ. ಎಳ್ಳೆಣ್ಣೆ ನನಗೆ ಇಷ್ಟ, ಕಡಲೆಕಾಯಿ ಎಣ್ಣೆಯೂ ಚೆನ್ನಾಗಿರುತ್ತದೆ. ಎಣ್ಣೆ ಅಷ್ಟು ಬೇಕಾ ಅನ್ನಿಸಬಹುದು. ಬೇಕು. ಸಾಸಿವೆ ಸಿಡಿದ ಮೇಲೆ ಇಂಗು, ಕರಿಬೇವು, ಅರಿಶಿನ ಹಾಕಿ ಹುಣಸೆ ರಸ ಹುಯ್ಯಿರಿ. ಮೂರು ಟೀ ಚಮಚ ಉಪ್ಪು ಹಾಕಿ. ಹತ್ತು ನಿಮಿಷ ಕುದಿದು ಹಸಿ ವಾಸನೆ ಹೋದ ಮೇಲೆ ಬೆಲ್ಲ, 50 ಗ್ರಾಂ. ನಿಮ್ಮದು ಆಲೆಮನೆಗಳ ಸೀಮೆ, ನಿಮಗೆ ಬೆಲ್ಲದ ಬಗ್ಗೆ ನಾನು ಹೇಳಬೇಕಾಗಿಲ್ಲ. ಬಿಳಿ ಬೆಲ್ಲ ಬೇಡ, ಕಂದು ಬಣ್ಣದ್ದು ಇರಲಿ ಅಂತಷ್ಟೇ ಹೇಳುತ್ತೇನೆ. ಬೆಲ್ಲ ಕರಗಿದ ಮೇಲೆ ಮಾಡಿಟ್ಟ ಪುಡಿ ಹಾಕಿ, ಉರಿ ಸಣ್ಣದು ಮಾಡಿ.

ಇಲ್ಲಿಂದ ಕಿವಿಗೆ ಕೆಲಸ. ಮೊದಮೊದಲು ಗುಳುಗುಳು ಅಂತ ತೆಳ್ಳಗೆ ಕುದಿಯುತ್ತದೆ. ನೀರು ಇಂಗಿದ ಹಾಗೆ ಸದ್ದು ನಿಧಾನವಾಗಿ ಪಚಕ್, ಪಚಕ್ ಅನ್ನುತ್ತದೆ. ಈಗ ಕೈಗೆ ಸಿಡಿಯುತ್ತದೆ, ಉದ್ದ ಹಿಡಿಯ ಸೌಟು ಇರಲಿ. ಸೌಟಿನಿಂದ ತಳದಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಕೂಡಲೇ ಮುಚ್ಚಿಹೋದರೆ ಇನ್ನೂ ನೀರಿದೆ. ಪಾತ್ರೆಯ ತಳ ಒಂದು ಕ್ಷಣ ಕಂಡು, ಆಮೇಲೆ ಗೊಜ್ಜು ನಿಧಾನವಾಗಿ ಹರಿದು ಬಂದು ಮುಚ್ಚಿದರೆ ಆಯಿತು. ಅಂಚಿನಲ್ಲಿ ಎಣ್ಣೆ ಕೆಂಪಗೆ ನಿಂತಿರುತ್ತದೆ. ಒಟ್ಟು 25-30 ನಿಮಿಷ. ನೀರು ಹೋಗಿರುವುದು, ಹುಳಿ, ಉಪ್ಪು, ಬೆಲ್ಲ, ಮೇಲೆ ಎಣ್ಣೆ, ಇವೆಲ್ಲ ಸೇರಿಯೇ ಗೊಜ್ಜು ವಾರಗಟ್ಟಲೆ ಕೆಡದೆ ಇರುವುದು. ಅರ್ಧಕ್ಕೇ ಇಳಿಸಿದರೆ ಬೂಷ್ಟು ಬರುತ್ತದೆ. ಆರಿದ ಮೇಲೆ ಗಾಜಿನ ಬಾಟಲಿಗೆ ತುಂಬಿ, ಒಣಗಿದ ಚಮಚವನ್ನೇ ಬಳಸಿ.

ರುಚಿ ನೋಡಿದಾಗ ಗೊಜ್ಜು ಉಪ್ಪುಪ್ಪಾಗಿ, ಹುಳಿ ಜಾಸ್ತಿಯಾಗಿ ಇರಬೇಕು. ಬರೀ ಗೊಜ್ಜು ಹದವಾಗಿದ್ದರೆ ಅನ್ನಕ್ಕೆ ಕಲಸಿದ ಮೇಲೆ ಸಪ್ಪೆಯಾಗುತ್ತದೆ.

ಭಾನುವಾರ ಅವರು ಊಟಕ್ಕೆ ಒಂದು ಗಂಟೆಗೆ ಬರುತ್ತಾರೆ ಅಂದುಕೊಂಡರೆ ಒಂಬತ್ತೂವರೆಗೆ ಅಕ್ಕಿ ನೆನೆಹಾಕಿ. ಹತ್ತೂಮುಕ್ಕಾಲಿಗೆಲ್ಲ ಅನ್ನ ಹರಡಿ ಆರಿರುತ್ತದೆ. ಒಲೆ ಖಾಲಿಯಾದಾಗ ಒಗ್ಗರಣೆ ಮಾಡಿ. ಮೂರು ದೊಡ್ಡ ಚಮಚ ಎಣ್ಣೆಯಲ್ಲಿ ಮೊದಲು ಒಂದು ಹಿಡಿ ಕಡಲೆಕಾಯಿ ಬೀಜ ಕೆಂಪಗೆ ಹುರಿದು ತೆಗೆದಿಡಿ. ಅದೇ ಎಣ್ಣೆಗೆ ಸಾಸಿವೆ, ಕಡಲೇಬೇಳೆ, ಉದ್ದಿನಬೇಳೆ, ಎರಡು ಒಣಮೆಣಸಿನಕಾಯಿ, ಕರಿಬೇವು. ಈರುಳ್ಳಿ ಬೆಳ್ಳುಳ್ಳಿ ಬೇಡವೇ ಬೇಡ. ಮೇಲುಕೋಟೆಯಲ್ಲಿ ಇದು ಚೆಲುವನಾರಾಯಣನ ಪ್ರಸಾದ. ನಿಮ್ಮ ಅಮ್ಮನ ನಾಲಿಗೆಯಲ್ಲಿರುವುದು ಆ ರುಚಿ.

ಬೆಚ್ಚಗಿರುವ ಅನ್ನದ ಮೇಲೆ ಮೊದಲು ನಾಲ್ಕು ದೊಡ್ಡ ಚಮಚ ಗೊಜ್ಜು ಹಾಕಿ. ಒಂದೇ ಸಲ ಎಲ್ಲ ಹಾಕಬೇಡಿ. ಒಗ್ಗರಣೆ ಪೂರ್ತಿ, ಎಳ್ಳು ಕೊಬ್ಬರಿ ಪುಡಿಯಲ್ಲಿ ಅರ್ಧ ಹಾಕಿ. ಸೌಟು ಬಿಟ್ಟು ಕೈಯಲ್ಲೇ ಕಲಸಿ. ಕೈ ತೊಳೆದು, ಬೆರಳುಗಳನ್ನು ಅಗಲ ಮಾಡಿ, ಅನ್ನದ ಕೆಳಗಿನಿಂದ ಎತ್ತಿ ಮೇಲೆ ಬಿಡಬೇಕು. ಹಿಸುಕಬಾರದು. ಗೊಜ್ಜು ತಾಗದ ಅಗುಳು ಎಲ್ಲಿ ಕಾಣುತ್ತದೋ ಅಲ್ಲಿಗೆ ಸ್ವಲ್ಪ ಸ್ವಲ್ಪ ಗೊಜ್ಜು ಸೇರಿಸುತ್ತಾ ಹೋಗಿ. ರುಚಿ ನೋಡಿ, ಬೇಕಿದ್ದರೆ ಉಪ್ಪು ಹಾಕಿ. ಆಮೇಲೆ ಮುಚ್ಚಿಟ್ಟು ಒಂದೂವರೆ ಎರಡು ಗಂಟೆ ಅದರ ಪಾಡಿಗೆ ಬಿಡಿ. ಕಲಸಿದ ತಕ್ಷಣ ತಿಂದರೆ ಗೊಜ್ಜು ಒಂದು ಕಡೆ, ಅನ್ನ ಒಂದು ಕಡೆ. ಹುಳಿ ಉಪ್ಪು ಅಗುಳಿನ ಒಳಗೆ ಇಳಿಯಲು ಹೊತ್ತು ಬೇಕು. ಕಡಲೆಕಾಯಿ ಬೀಜ ಬಡಿಸುವ ಮುಂಚೆ ಹಾಕಿ, ಇಲ್ಲದಿದ್ದರೆ ಮೆತ್ತಗಾಗುತ್ತದೆ. ಜೊತೆಗೆ ಒಂದು ಬಟ್ಟಲು ಮೊಸರು ಇದ್ದರೆ ಬೇರೇನೂ ಬೇಡ.

ನೀವು ಮಾಡಬೇಕಾದ ಇನ್ನೊಂದು ಕೆಲಸ, ಈ ಬುಧವಾರವೋ ಗುರುವಾರವೋ ಒಂದೇ ಒಂದು ಲೋಟ ಅಕ್ಕಿ ಬಸಿದು ನೋಡಿ. ಗೊಜ್ಜು ಬೇಡ, ಬರೀ ಅನ್ನ. ಮೆಸ್ಸಿಗೆ ಹೋಗದೆ ಮೊಸರು ಉಪ್ಪಿನಕಾಯಿ ಹಾಕಿಕೊಂಡು ತಿನ್ನಿ. ಆ ಬಿಳಿ ಚುಕ್ಕಿಯನ್ನು ನಿಮ್ಮ ಕಣ್ಣು ಒಂದು ಸಲ ಗುರುತು ಹಿಡಿದರೆ ಭಾನುವಾರ ನಿಮಗೆ ಭಯ ಇರುವುದಿಲ್ಲ.

ಕೊನೆಗೆ ಸೋಮವಾರದ ಡಬ್ಬಿ. ಪುಳಿಯೋಗರೆ ಕೆಡುವುದಿಲ್ಲ, ಪ್ರಯಾಣಕ್ಕೆ ಒಳ್ಳೇದು ಅಂತ ಎಲ್ಲರೂ ಹೇಳುತ್ತಾರೆ. ಹುಳಿ ಎಣ್ಣೆ ಇರುವುದರಿಂದ ಬೇರೆ ಅನ್ನಕ್ಕಿಂತ ಹೆಚ್ಚು ಹೊತ್ತು ತಡೆಯುತ್ತದೆ ಅನ್ನೋದು ನಿಜ. ಬೆಳಿಗ್ಗೆ ಕಲಸಿದ್ದನ್ನು ಸಂಜೆವರೆಗೆ ತಿನ್ನಬಹುದು. ಆದರೆ ಅನ್ನದಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣು ಇರುತ್ತದೆ. ಬೇಯಿಸಿದರೂ ಅದು ಸಾಯುವುದಿಲ್ಲ. ಅನ್ನ ಬೆಚ್ಚಗೆ ಬಹಳ ಹೊತ್ತು ಹೊರಗೆ ಕೂತರೆ ಅದು ಬೆಳೆದು ವಿಷ ಬಿಡುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ವಾಂತಿಯಾಗಿ ಮಲಗಬೇಕಾಗುತ್ತದೆ. ನಿಮ್ಮ ರೂಮಿನಲ್ಲಿ ಫ್ರಿಜ್ ಇದ್ದಿದ್ದರೆ ಹೇಳುತ್ತಿದ್ದಿರಿ. ಮಿಕ್ಸಿ ಕೊಡುವ ಪಕ್ಕದ ಮನೆಯವರ ಫ್ರಿಜ್‌ನಲ್ಲಿ ಭಾನುವಾರ ಊಟವಾದ ಕೂಡಲೇ ಇಡಲು ಆದರೆ ಸೋಮವಾರ ಧೈರ್ಯವಾಗಿ ತಗೊಂಡು ಹೋಗಿ. ಆಗದಿದ್ದರೆ ಮಿಕ್ಕಿದ್ದನ್ನು ಅವರಿಗೇ ಒಂದು ತಟ್ಟೆಯಲ್ಲಿ ಅವತ್ತೇ ಕೊಟ್ಟುಬಿಡಿ. ಬಾಟಲಿಯಲ್ಲಿ ಗೊಜ್ಜು ಇದ್ದೇ ಇರುತ್ತದೆ. ಸೋಮವಾರ ಬೆಳಿಗ್ಗೆ ಅರ್ಧ ಲೋಟ ಅಕ್ಕಿ ಬಸಿದು ಕಲಸಿಕೊಳ್ಳಿ.